ಹೆಣ ಎದ್ದು ನಡೆಯುವ ದೃಶ್ಯ

ಬದುಕಿದ್ದಾಗ ರಾಘವ, ಸತ್ತ ಮೇಲೆ ಮಹಾನಂದ. ಹಾಗಂತ ತೀರ್ಮಾನವಾಯಿತು.

ನಾಟಕದ ನಾಯಕ ವಿಶ್ವನಾಥ, ನಲವತ್ತೆರಡರ ಚಳವಳಿಗೆ ಧುಮುಕಿದ ಕಾಲೇಜು ಹುಡುಗ. ಟಪಾಲು ಡಬ್ಬಿಗೆ ಬೆಂಕಿ ಹಚ್ಚುತ್ತಾನೆ, ತಂತಿ ಕತ್ತರಿಸುತ್ತಾನೆ, ಲಾಠಿ ಏಟು ತಿಂದು ಭಾಷಣ ಮಾಡುತ್ತಾನೆ. ಕೊನೆಗೆ ಪೊಲೀಸರ ಗುಂಡಿಗೆ ಬೀಳುತ್ತಾನೆ. ಬಿದ್ದವನನ್ನು ಸಂಗಾತಿಗಳು ಹೆಗಲ ಮೇಲೆ ಹೊತ್ತು, ಹಾಡುತ್ತಾ ರಂಗದಿಂದ ಇಳಿದು, ಪ್ರೇಕ್ಷಕರ ನಡುವೆ ಹಾದು, ಮುಂಬಾಗಿಲಿನಿಂದ ಆಚೆ ಹೋಗಬೇಕು. ಅಲ್ಲಿಗೆ ನಾಟಕ ಮುಗಿಯಿತು.

ತೊಂದರೆ ಏನೆಂದರೆ ವಿಶ್ವನಾಥನ ಪಾತ್ರ ಮಾಡುತ್ತಿದ್ದ ರಾಘವನಿಗೆ ಸಾಯಲು ಬರುತ್ತಿರಲಿಲ್ಲ. ಬೀಳುವವರೆಗೆ ಚೆನ್ನಾಗಿಯೇ ಮಾಡುತ್ತಿದ್ದ. ಬಿದ್ದ ಮೇಲೆ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಬಿಳಿ ಜುಬ್ಬದಲ್ಲಿ ಅದು ಎಷ್ಟು ದೂರಕ್ಕೂ ಕಾಣುತ್ತಿತ್ತು. ಜೊತೆಗೆ ಧೂಳಾದರೆ ಸೀನು. ಒಮ್ಮೆ ನಾಲ್ವರ ಹೆಗಲ ಮೇಲೆ ಮಲಗಿದ್ದವನು ಸೀನಿದ ರಭಸಕ್ಕೆ ಹೊತ್ತಿದ್ದವರೇ ಮುಗ್ಗರಿಸಿದರು.

“ಹುತಾತ್ಮ ಸೀನಬಾರದು ಕಣೋ!” ಎಂದು ನಿರ್ದೇಶಕ ಆತ್ರೇಯ ತಲೆ ಚಚ್ಚಿಕೊಂಡ.

ಆತ್ರೇಯ ಬ್ಯಾಂಕಿನಲ್ಲಿ ಗುಮಾಸ್ತ. ಸಂಜೆಯಾದರೆ ನಿರ್ದೇಶಕ. ಬಳಗದ ಹೆಸರೇ ‘ಸಂಜೆ ಆರರ ಬಳಗ’. ಆಫೀಸು ಬಿಟ್ಟ ಮೇಲೆ ಸೇರುತ್ತಿದ್ದರಿಂದ ಆ ಹೆಸರು. ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ಅದು. ಬಸವನಗುಡಿಯ ಬೀದಿಗೊಂದು ಸಮಾರಂಭ ನಡೆಯುತ್ತಿತ್ತು. ಬಳಗದ ಅಧ್ಯಕ್ಷ ವರದರಾಜ, ನಿವೃತ್ತ ಮೇಷ್ಟರು, ತಾವೇ ನಾಟಕ ಬರೆದು, ತಮ್ಮ ಮನೆಯ ಅಂಬಾಸಿಡರ್ ಕಾರನ್ನು ಬೀದಿಗೆ ತಳ್ಳಿ, ಗ್ಯಾರೇಜನ್ನು ತಾಲೀಮಿಗೆ ಬಿಟ್ಟುಕೊಟ್ಟಿದ್ದರು.

ಆ ದಿನಗಳಲ್ಲೇ ಆತ್ರೇಯನ ಮನೆ ಮುಂದಿನ ಮ್ಯಾನ್‌ಹೋಲ್ ಉಕ್ಕಿತು. ಬೀದಿ ತುಂಬ ಹೇಲು ನೀರು. ಚರಂಡಿಯ ಗುತ್ತಿಗೆದಾರ, ಗುಂಡಿಗೆ ಇಳಿಯುವ ಮಹಾನಂದನನ್ನು ಕಳಿಸಿದ.

ಮಹಾನಂದ ಬರೀ ಚಡ್ಡಿಯಲ್ಲಿ ನಿಂತ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಒಳಗೆ ಗ್ಯಾಸು ಇದೆಯೋ ಎಂದು ನೋಡಲು ಮೊದಲು ಬೆಂಕಿಕಡ್ಡಿ ಗೀರಿ ಗುಂಡಿಯ ಬಾಯಿಗೆ ಹಿಡಿದ. ಆಮೇಲೆ ಎದೆ ತುಂಬ ಗಾಳಿ ಎಳೆದುಕೊಂಡು ಇಳಿದ. ಇಳಿದ ಮೇಲೆ ಉಸಿರಾಡುವಂತಿಲ್ಲ. ಬಾಯಿ ತೆರೆಯುವಂತಿಲ್ಲ. ಕಣ್ಣು ಮುಚ್ಚಿ, ಕೈಯಲ್ಲೇ ತಡಕಿ, ಕಟ್ಟಿಕೊಂಡದ್ದನ್ನು ಕಿತ್ತು ಮೇಲೆ ಬರಬೇಕು. ಬಟ್ಟೆ, ಕೂದಲು, ಇಟ್ಟಿಗೆ ಚೂರು, ಒಮ್ಮೊಮ್ಮೆ ಸತ್ತ ಹೆಗ್ಗಣ. ಬೀದಿಯವರೆಲ್ಲ ಮೂಗಿಗೆ ಬಟ್ಟೆ ಹಿಡಿದು ಕಿಟಕಿ ಹಾಕಿಕೊಂಡಿದ್ದರು. ಆತ್ರೇಯ ಮಾತ್ರ ಮಹಡಿಯಿಂದ ಗಡಿಯಾರ ನೋಡುತ್ತಾ ನಿಂತಿದ್ದ. ಮಹಾನಂದ ಮೇಲೆ ಬಂದು, ಕೆಸರಿನ ಮುದ್ದೆಯಂತೆ ರಸ್ತೆಯ ಅಂಚಿಗೆ ಕೂತಾಗ ಮಹಡಿಯಿಂದಲೇ ಕೂಗಿದ:

“ಲೋ, ಇಷ್ಟು ಹೊತ್ತು ಉಸಿರು ಹಿಡೀತೀಯಲ್ಲ! ನಾಟಕದಲ್ಲಿ ಪಾರ್ಟ್ ಮಾಡ್ತೀಯಾ?”

“ಏನ್ ಪಾರ್ಟು ಸಾರ್?”

“ಹೆಣದ್ದು.”

ಮಹಾನಂದ ಮುಖ ಒರೆಸಿಕೊಂಡ. “ಡೈಲಾಗ್ ಇರ್ತದಾ?”

“ಹೆಣಕ್ಕೆ ಎಂಥ ಡೈಲಾಗು? ನಿನ್ನ ಹೆಗಲ ಮೇಲೆ ಹೊತ್ಕೊಂಡು ಹಾಲ್ ತುಂಬ ಮೆರವಣಿಗೆ ಮಾಡ್ತಾರೆ. ಹಾಡು ಹೇಳ್ತಾರೆ. ಎಲ್ಲರೂ ಎದ್ದು ನಿಂತ್ಕೋತಾರೆ.”

“ಯಾರು ಸಾರ್ ಹೊರೋದು?”

“ನಮ್ಮೋರೇ. ಬಳಗದೋರು.”

ಮಹಾನಂದ ಒಪ್ಪಿಕೊಂಡದ್ದು ಆ ಮಾತಿಗೆ.

ಪೌರಕಾರ್ಮಿಕರ ಕಾಲೋನಿಯಲ್ಲಿ ಅವನ ಅಜ್ಜಿ ಸಿದ್ದಮ್ಮ ಸುದ್ದಿ ಕೇಳಿ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ಯಾರು? ಬಸವನಗುಡಿಯೋರು? ನಿನ್ನ ಹೊರ್ತಾರಾ?”

“ಹೂಂ ಅಜ್ಜಿ. ನಾಲ್ಕು ಜನ.”

“ಸುಮ್ಕಿರು.”

“ನಿಜ. ಹೆಗಲ ಮೇಲೆ.”

ಸಿದ್ದಮ್ಮನ ಮಗ, ಮಹಾನಂದನ ಅಪ್ಪ, ಚಾಮರಾಜಪೇಟೆಯ ಗುಂಡಿಯೊಂದಕ್ಕೆ ಇಳಿದವನು ಬದುಕಿ ಮೇಲೆ ಬರಲಿಲ್ಲ. ಒಳಗಿದ್ದ ಗ್ಯಾಸು ಕುಡಿದು ಅಲ್ಲೇ ಕೂತುಬಿಟ್ಟ. ಹಗ್ಗ ಹಾಕಿ ಎಳೆದರು. ರಸ್ತೆಯಲ್ಲಿ ಮಲಗಿಸಿದರು. ಆಟೋದವರು ವಾಸನೆ ಅಂದರು. ಅಂಗಡಿಯವರು ಬೇಗ ತೆಗೆಯಿರಿ ಅಂದರು. ಒಬ್ಬರೂ ಕೈ ಹಾಕಲಿಲ್ಲ. ಕೊನೆಗೆ ಕಸದ ಲಾರಿ ಬಂತು. ಕಸ ಸುರಿದು ಬಂದಿರಲಿಲ್ಲ. ಕಸದ ಮೇಲೇ ಮಲಗಿಸಿ ಕಾಲೋನಿಗೆ ತಂದಿಳಿಸಿದರು. ಅಲ್ಲಿಂದ ಮಸಣಕ್ಕೆ ಕಾಲೋನಿಯವರೇ ಹೊತ್ತರು.

“ನಮ್ಮೋರು ನಮ್ಮನ್ನ ಹೊರೋದು ಇದ್ದಿದ್ದೇ,” ಅಂದಳು ಸಿದ್ದಮ್ಮ. “ಅವರು ಹೊರೋದು ನಾನು ನೋಡ್ಬೇಕು. ಸುಳ್ಳುಸುಳ್ಳೇ ಆದ್ರೂ ಪರ್ವಾಗಿಲ್ಲ. ನೋಡ್ಬೇಕು.”

ಅವಳು ಇಡೀ ಕಾಲೋನಿಗೆ ಹೇಳಿಕೊಂಡು ಬಂದಳು.

ತಾಲೀಮು ಶುರುವಾಯಿತು. ಗುಂಡಿನ ಸದ್ದು. ಕತ್ತಲೆ. ರಾಘವ ಎದ್ದು ಓಡಬೇಕು. ಮಹಾನಂದ ಅವನಂಥದೇ ಜುಬ್ಬ ತೊಟ್ಟು, ಮುಖವನ್ನು ಆಚೆ ತಿರುಗಿಸಿ, ಆ ಜಾಗದಲ್ಲಿ ಮಲಗಬೇಕು. ಬೆಳಕು. ಮಹಾನಂದ ಸತ್ತು ಬಿದ್ದಿದ್ದಾನೆ. ಹೊಟ್ಟೆ ಅಲುಗದು. ರೆಪ್ಪೆ ಅಲುಗದು. ಮೂಗಿನ ಮೇಲೆ ನೊಣ ಕೂತರೂ ಅಲುಗದು.

“ಅದ್ಭುತ!” ಅಂದರು ವರದರಾಜ. “ಹುಟ್ಟಾ ಕಲಾವಿದ. ಎಷ್ಟು ಸಹಜವಾಗಿ ಸತ್ತಿದಾನೆ ನೋಡ್ರಿ.”

ಹೊರುವುದನ್ನು ಮಾತ್ರ ದಿನಾ ಮುಂದೂಡುತ್ತಿದ್ದರು. ಮೊದಲು ಹಾಡು ಕೂಡಿಬರಲಿ ಅಂದರು. ಆಮೇಲೆ ಮಳೆ ಅಂದರು. ಗ್ಯಾರೇಜಿನೊಳಗೆ ಎಂಥ ಮಳೆಯೋ. ಪ್ರದರ್ಶನಕ್ಕೆ ಒಂದು ವಾರವಿದ್ದಾಗ ಆತ್ರೇಯ ಚಪ್ಪಾಳೆ ತಟ್ಟಿ, “ಇವತ್ತು ಎತ್ತಲೇಬೇಕು, ಬನ್ನಿ,” ಅಂದ. ಮಹಾನಂದ ಕಣ್ಣು ಮುಚ್ಚಿ, ಉಸಿರು ಹಿಡಿದು ಕಾದ. ಅವನ ಸುತ್ತ ಕಾಲುಗಳು ಬಂದು ನಿಂತವು. ಕೈಗಳು ಬರಲಿಲ್ಲ.

ಒಬ್ಬ ಹೇಳಿದ: “ಮೊನ್ನೆ ತಾನೇ ಉಪಾಕರ್ಮ ಆಗಿದೆ ಗುರು. ಜನಿವಾರ ಇನ್ನೂ ಹೊಸದು.”

ಇನ್ನೊಬ್ಬ: “ನನಗೆ ಸ್ಲಿಪ್ ಡಿಸ್ಕು. ಡಾಕ್ಟ್ರು ಭಾರ ಎತ್ತಬೇಡಿ ಅಂದಿದಾರೆ.”

ಮತ್ತೊಬ್ಬ ಕಿವಿಯಲ್ಲಿ ಹೇಳುವಂತೆ ಹೇಳಿದ: “ನಮ್ಮನೆಯೋಳು ಬಸುರಿ ಕಣೋ. ಬಸುರಿ ಹೆಂಡತಿ ಇರೋನು ಹೆಣ ಹೊರಬಾರದು.”

“ನಾಟಕದ ಹೆಣ ಕಣಯ್ಯಾ!”

“ಹೆಣ ಹೆಣವೇ ಅಲ್ವಾ? ನಮ್ಮತ್ತೆಗೆ ಗೊತ್ತಾದ್ರೆ ನನ್ನ ಹೆಣ ಬೀಳುತ್ತೆ.”

ಎಲ್ಲರೂ ನಕ್ಕರು. ಹೆಣ ನಗಲಿಲ್ಲ. ಅದು ಲೆಕ್ಕ ಹಾಕುತ್ತಿತ್ತು. ರಾಘವ ಹೆಣವಾಗಿದ್ದಾಗ ಯಾರ ಹೆಂಡತಿಯೂ ಬಸುರಿಯಾಗಿರಲಿಲ್ಲ. ಸ್ಲಿಪ್ ಡಿಸ್ಕಿನವನೇ ಅವನ ತಲೆಯ ಕಡೆ ಹೊತ್ತಿದ್ದನಂತೆ.

“ರಾಘವನೇ ಮಲಗಲಿ ಬಿಡ್ರೀ,” ಅಂದರು ವರದರಾಜ.

“ಆಗಲ್ಲ ಸಾರ್, ಪೇಪರಿನೋರಿಗೆ ಹೇಳ್ಬಿಟ್ಟಿದೀನಿ,” ಅಂದ ಆತ್ರೇಯ. “ಶೋಷಿತ ವರ್ಗದ ಕಲಾವಿದನಿಗೆ ಮುಖ್ಯ ಪಾತ್ರ ಅಂತ.”

ಅವನು ಗ್ಯಾರೇಜಿನ ಉದ್ದಕ್ಕೂ ಅಡ್ಡಾಡಿದ. ತಟ್ಟನೆ ನಿಂತ. ಮುಖ ಬೆಳಗಿತು.

“ಹೊರೋದೇ ಬೇಡ! ಹೊರೋದು ಹಳೇ ಕ್ರಮ. ಹಾಡು ಶುರುವಾಗುತ್ತೆ, ಕೆಂಪು ಲೈಟು, ಹುತಾತ್ಮ ತಾನೇ ಎದ್ದು ನಿಂತ್ಕೋತಾನೆ. ಮೆರವಣಿಗೆ ಜೊತೆ ನಡ್ಕೊಂಡು ಹೋಗ್ತಾನೆ. ಹುತಾತ್ಮನಿಗೆ ಸಾವಿಲ್ಲ! ಸಂಕೇತ! ಹೇಗಿದೆ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಬಸುರಿಯ ಗಂಡ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಮಹಾನಂದ ಎದ್ದು ಕೂತ. “ಸಾರ್, ನೀವೇ ಹೊರಬಹುದಲ್ವಾ?”

“ನಾನು ನಿರ್ದೇಶಕ ಕಣೋ.”

“ನಮ್ಮಜ್ಜಿ ನೋಡ್ತೀನಿ ಅಂದವಳೆ.”

“ನಿಮ್ಮಜ್ಜಿಗೆ ಸಂಕೇತ ಅರ್ಥ ಆಗುತ್ತೆ ಬಿಡು. ನಿಮ್ಮೋರಿಗೆ ಇಂಥದ್ದೆಲ್ಲ ರಕ್ತದಲ್ಲೇ ಇರುತ್ತೆ.”

“ಆಗ್ಲಿ ಸಾರ್,” ಅಂದ ಮಹಾನಂದ. ಮನೆಗೆ ಹೋಗಿ ಅಜ್ಜಿಗೆ ಏನೂ ಹೇಳಲಿಲ್ಲ. ಅವಳು ನಾಟಕಕ್ಕೆಂದು ಹೊಸ ರವಿಕೆ ಹೊಲಿಸಿದ್ದಳು.

ಮಾರನೆಯ ಸಂಜೆ ಪುಟ್ಟಯ್ಯ ಬಂದರು.

ಸಮಾರಂಭದಲ್ಲಿ ಸನ್ಮಾನ ಮಾಡಲು ಬಳಗಕ್ಕೆ ಒಬ್ಬ ಸ್ವಾತಂತ್ರ್ಯ ಹೋರಾಟಗಾರ ಬೇಕಾಗಿದ್ದ. ಆ ತಿಂಗಳು ಇಡೀ ಊರಿನಲ್ಲಿ ಒಬ್ಬರೂ ಖಾಲಿ ಇರಲಿಲ್ಲ. ಒಬ್ಬರು ಕುಮಾರ ಪಾರ್ಕಿನಲ್ಲಿ ಧ್ವಜ ಹಾರಿಸಬೇಕು, ಇನ್ನೊಬ್ಬರು ಶಾಲ್ ಹೊದ್ದೂ ಹೊದ್ದೂ ಜ್ವರ ಬಂದು ಮಲಗಿದ್ದರು. ಕೊನೆಗೆ ಸಿಕ್ಕವರು ಪುಟ್ಟಯ್ಯ, ನಲವತ್ತೆರಡರಲ್ಲಿ ಪೊಲೀಸ್ ಪೇದೆ. ಚಳವಳಿಗಾರರನ್ನು ಹೊಡೆದವರು. ವರದರಾಜ ಯೋಚಿಸಿ, ಆಹ್ವಾನ ಪತ್ರಿಕೆಯಲ್ಲಿ ‘ಸ್ವಾತಂತ್ರ್ಯ ಹೋರಾಟವನ್ನು ಅತಿ ಹತ್ತಿರದಿಂದ ಕಂಡವರು’ ಎಂದು ಅಚ್ಚು ಹಾಕಿಸಿದರು. ಸುಳ್ಳೇನಲ್ಲ. ಲಾಠಿಯ ಉದ್ದ ಎಷ್ಟೋ ಅಷ್ಟೇ ದೂರದಿಂದ ಕಂಡಿದ್ದರು.

ಪುಟ್ಟಯ್ಯನವರ ಜೇಬು ತುಂಬ ಹುರಿದ ಕಡಲೇಕಾಯಿ. ಎಲ್ಲರ ಅಂಗೈಗೂ ಹಾಕಿದರು. ಮಹಾನಂದನ ಅಂಗೈಯನ್ನು ಹಿಡಿದೆಳೆದು ಒಂದು ಹಿಡಿ ಜಾಸ್ತಿಯೇ ಹಾಕಿದರು. ಆ ಗ್ಯಾರೇಜಿನಲ್ಲಿ ಅವನನ್ನು ಮುಟ್ಟಿದ ಮೊದಲ ಕೈ ಅದು. ಆಮೇಲೆ ಪೊಲೀಸ್ ಪಾತ್ರದವನ ಕೈಯಿಂದ ಲಾಠಿ ಇಸಿದುಕೊಂಡರು.

“ಹಂಗಲ್ಲಪ್ಪ ಹೊಡೆಯೋದು. ತಲೆಗೆ ಬಿಟ್ರೆ ಸತ್ತೋಯ್ತಾನೆ. ಇಗೋ, ಮಂಡಿ ಹಿಂದುಗಡೆ. ಮೂಳೆ ಮುರಿಯಾಕಿಲ್ಲ, ಮನ್ಸ ಕೂತ್ಕಂಬುಡ್ತಾನೆ. ಪಾಪ, ಅವರೂ ಮನೆಗೆ ಹೋಗ್ಬೇಕಲ್ಲ.”

ತಾಲೀಮು ನೋಡಿದರು. ಗುಂಡು, ಕತ್ತಲೆ, ಹೆಣ. ಪುಟ್ಟಯ್ಯ ಕುರ್ಚಿ ಎಳೆದುಕೊಂಡು ಮಲಗಿದ್ದ ಮಹಾನಂದನ ಹತ್ತಿರ ಬಂದು ಕೂತರು. ಮೊಮ್ಮಕ್ಕಳಿಗೆ ಕಥೆ ಹೇಳುವ ದನಿಯಲ್ಲಿ ಶುರು ಮಾಡಿದರು.

“ನಾನು ಗುಂಡು ಹಾಕಿದ್ದು ಒಂದೇ ಒಂದ್ಸಲ. ಅವತ್ತು ನಮ್ಮ ಮಗಿಗೆ ಜ್ವರ. ಡ್ಯೂಟಿ ಮುಗುದ್ರೆ ಬನ್ನು ತಗೊಂಡು ಹೋಗ್ಬೇಕು ಅಂತ ಅದೇ ಜ್ಞಾನ. ಸಾಹೇಬ ಕಾಲಿಗೆ ಹೊಡಿ ಅಂದ. ಕಾಲಿಗೇ ಇಟ್ಟೆ. ಆ ನನ್ಮಗ ಬಗ್ಗಿಬುಟ್ಟ.”

“ವಿದ್ಯಾರ್ಥಿಯಾ?” ವರದರಾಜ ಕೇಳಿದರು.

“ಎಲ್ಲಿ ವಿದ್ಯಾರ್ಥಿ ಸ್ವಾಮಿ? ಬೀದಿ ಗುಡ್ಸೋನು. ಪೊರಕೆ ಹಿಡ್ಕಂಡೇ ಮೆರವಣಿಗೆಗೆ ಬಂದಿದ್ದ. ಎಲ್ಲಾರ್ಗಿಂತ ಜೋರಾಗಿ ಕೂಗ್ತಿದ್ದ. ಕೈಯಿಂದ ಪೊರಕೆ ಜಾರ್ತು, ಎತ್ಕಳಕೆ ಬಗ್ಗಿದ. ಎದೆಗೆ ಬಿತ್ತು.”

ಪುಟ್ಟಯ್ಯ ಒಂದು ಕಡಲೇಕಾಯಿ ಒಡೆದರು.

“ಮೆರವಣಿಗೆಯೋರು ಓಡೋದೋರು ವಾಪಸ್ ಬಂದ್ರು. ಸುತ್ತ ನಿಂತ್ರು. ಟೋಪಿ ತೆಗುದ್ರು. ಅತ್ರು ಸೈತ. ಆದ್ರೆ ಎತ್ತಲಿಲ್ಲ. ಅವರ ಜನ ಬರ್ಲಿ, ಅವರ ಜನ ಬರ್ಲಿ ಅಂತವ್ರೆ. ಬಿಸ್ಲು, ನೊಣ. ನಾನೇ ಹೆಗಲ ಮ್ಯಾಲೆ ಹಾಕ್ಕಂಡೆ. ಹಗೂರ ಇದ್ದ ಕಣಪ್ಪ, ಕುರಿಮರಿ ಇದ್ದಂಗೆ. ಮನೆಗೋದ್ರೆ ನಮ್ಮೋಳು ಬಾಗ್ಲಲ್ಲೇ ತಡುದ್ಲು, ಸ್ನಾನ ಮಾಡಿ ಒಳಿಕ್ಕೆ ಬಾ ಅಂದ್ಲು. ಗುಂಡು ಹಾಕಿದ್ದಕ್ಕಲ್ಲ, ಹೊತ್ತಿದ್ದಕ್ಕೆ.”

ವರದರಾಜ ಕೆಮ್ಮಿದರು. “ಒಳ್ಳೇ ಸನ್ನಿವೇಶ. ಆದರೆ ನಮ್ಮ ನಾಟಕದ ಆಶಯಕ್ಕೆ ಹೊಂದಲ್ಲ.”

“ಅವನ ಹೆಸರೇನಜ್ಜ?” ಎಂದು ಹೆಣ ಕೇಳಿತು. ಕಣ್ಣು ತೆರೆದಿರಲಿಲ್ಲ.

“ಯಾರು ಕೇಳಿದ್ರು ಮಗಾ,” ಅಂದರು ಪುಟ್ಟಯ್ಯ. ಆಮೇಲೆ ಬಹಳ ಹೊತ್ತು ಕಡಲೇಕಾಯಿ ಒಡೆಯಲಿಲ್ಲ.

ಪ್ರದರ್ಶನ ಒಂದು ಭಾನುವಾರದ ಸಂಜೆ. ಹಾಲು ತುಂಬಿತ್ತು. ಮುಂದೆ ರೇಷ್ಮೆ ಸೀರೆಗಳು, ಮಲ್ಲಿಗೆ. ಕಾಲೋನಿಯವರನ್ನು ಹಿಂದೆ ಗೋಡೆಗೆ ಒರಗಿ ನಿಲ್ಲಿಸಿದ್ದರು. ನಡುವೆ ಖಾಲಿ ಕುರ್ಚಿಗಳಿದ್ದವು, ಬರುವವರಿದ್ದಾರೆ ಅಂದರು. ಸಿದ್ದಮ್ಮ ನಿಲ್ಲಲಾರದೆ ನೆಲದ ಮೇಲೇ ಕೂತಳು. ಅಲ್ಲಿಂದ ಕಾಣುವುದಿಲ್ಲವೆಂದು ಮತ್ತೆ ಎದ್ದು ನಿಂತಳು.

ಪುಟ್ಟಯ್ಯನವರಿಗೆ ಮೊದಲು ಸನ್ಮಾನವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಏನಾದರೂ ಮಾತಾಡಿ ಅಂದರೆ ಮೈಕಿನ ಮುಂದೆ ನಿಂತು, “ನಾನೇನ್ ಮಾಡ್ದೆ ಅಂತ ಇದೆಲ್ಲ?” ಅಂದರು. ಎಂಥ ವಿನಯ ಎಂದು ಸಭೆ ಚಪ್ಪಾಳೆ ತಟ್ಟಿತು.

ನಾಟಕ ಚೆನ್ನಾಗಿ ನಡೆಯಿತು. ರಾಘವನ ಭಾಷಣಕ್ಕೆ ಶಿಳ್ಳೆ ಬಿತ್ತು. ಗುಂಡು ಸಿಡಿಯಿತು. ಕತ್ತಲೆ. ರಾಘವ ಓಡಿದ. ಮಹಾನಂದ ಮಲಗಿದ.

ಬೆಳಕು ಬಂತು. ಹೆಣ ಕಂಡು ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಸಂಗಾತಿಗಳು ಸುತ್ತ ನಿಂತರು. ಟೋಪಿ ತೆಗೆದರು. ಅತ್ತರು ಕೂಡ. ಕೆಂಪು ಲೈಟು ಬಿತ್ತು. ಹಾಡು ಶುರುವಾಯಿತು. ಹುತಾತ್ಮ ಏಳಬೇಕು.

ಏಳಲಿಲ್ಲ.

ಹಾಡು ಮುಗಿಯಿತು. ಮತ್ತೆ ಮೊದಲಿನಿಂದ ಹಾಡಿದರು. ಏಳಲಿಲ್ಲ. ಸ್ಲಿಪ್ ಡಿಸ್ಕಿನವನು ಅಳುತ್ತಲೇ ಬಾಯಿ ಓರೆ ಮಾಡಿ, “ಏಳೋ ಲೇ,” ಅಂದ. ಬಸುರಿಯ ಗಂಡ ಹಾಡಿನ ಧಾಟಿಯಲ್ಲೇ, “ಎದ್ದೇಳಪ್ಪ, ಎದ್ದೇಳಪ್ಪ,” ಎಂದು ಹಾಡಿದ. ಪಕ್ಕದ ಪರದೆಯ ಮರೆಯಿಂದ ಆತ್ರೇಯ ಕೈಸನ್ನೆ ಬಾಯಿಸನ್ನೆ ಮಾಡುತ್ತಿದ್ದ.

“ಮಹಾನಂದ! ಸಂಕೇತ! ಸಂಕೇತ ಕಣೋ!”

“ಹೊತ್ರೆ ಹೋಗ್ತೀನಿ,” ಅಂದಿತು ಹೆಣ, ತುಟಿ ಅಲುಗಿಸದೆ. “ನಡ್ಕೊಂಡು ಹೋಗಲ್ಲ.”

ಹಾಡು ಮೂರನೆಯ ಸಲ ಮುಗಿದಾಗ ವರದರಾಜರಿಗೆ ಉಪಾಯ ಹೊಳೆಯಿತು. ಮೈಕಿಗೆ ಧಾವಿಸಿ, “ಈಗ ರಾಷ್ಟ್ರಗೀತೆ!” ಎಂದರು. ಎಂಥವನೂ ಏಳಲೇಬೇಕು.

ಹಾಲಿಗೆ ಹಾಲೇ ಎದ್ದು ನಿಂತಿತು. ಸಂಗಾತಿಗಳು ನೆಟ್ಟಗೆ ನಿಂತರು. ನಾಟಕದ ಪೊಲೀಸರೂ ಬಂದು ನಿಂತರು. ರಾಘವ ಮೇಕಪ್ಪಿನಲ್ಲೇ ಓಡಿಬಂದು ತನ್ನ ಹೆಣದ ಪಕ್ಕ ನಿಂತ. ಹೆಣ ಮಲಗೇ ಇತ್ತು.

ಗೀತೆ ಮುಗಿದದ್ದೇ ಮುಂದಿನ ಸಾಲಿನಿಂದ ಒಬ್ಬರು ಅರಚಿದರು:

“ರಾಷ್ಟ್ರಗೀತೆಗೆ ಎದ್ದಿಲ್ಲ! ದೇಶದ್ರೋಹಿ!”

“ಸತ್ತಿದಾನೆ ಸಾರ್,” ಅಂದರು ವರದರಾಜ.

“ನಾಟಕ ಮುಗೀತಲ್ರೀ!”

“ಇಲ್ಲ ಸಾರ್, ಅವನು ಎದ್ದು ಹೋಗೋವರೆಗೂ ಮುಗಿಯಲ್ಲ.”

“ಮುಗಿಯದೆ ರಾಷ್ಟ್ರಗೀತೆ ಯಾಕ್ರೀ ಹಾಡಿಸಿದ್ರಿ? ಅದೂ ಅವಮಾನವೇ!”

“ದೇಶಕ್ಕೋಸ್ಕರ ಸತ್ತೋನು ದೇಶದ್ರೋಹಿ ಹೇಗಾಗ್ತಾನೆ?” ಎಂದು ಇನ್ಯಾರೋ ಕೇಳಿದರು.

“ದೇಶಕ್ಕೋಸ್ಕರ ಸತ್ತೋನು ರಾಘವ. ಇವನು ಬರೀ ಹೆಣ!”

ಡಾಕ್ಟರೊಬ್ಬರನ್ನು ಕರೆದರು. ಅವರು ರಂಗಕ್ಕೆ ಹತ್ತಿ, ಒಂದು ಮಾರು ದೂರದಲ್ಲಿ ನಿಂತು, ಕನ್ನಡಕ ಸರಿಮಾಡಿಕೊಂಡು ನೋಡಿ, ಉಸಿರಾಟ ಕಾಣುತ್ತಿಲ್ಲ ಎಂದು ಹೇಳಿ ಇಳಿದುಹೋದರು. ನಾಡಿ ಮುಟ್ಟಲಿಲ್ಲ. ಬಾಗಿಲಲ್ಲಿದ್ದ ಪೇದೆಯನ್ನು ಕರೆಸಿದರು. ಅವನು, ಬದುಕಿದ್ದರೆ ಕಂಪ್ಲೇಂಟ್ ಕೊಡಿ, ಸತ್ತಿದ್ದರೆ ಪಂಚನಾಮೆ ಮಾಡಬೇಕು, ಯಾವುದು ಅಂತ ಮೊದಲು ನೀವು ತೀರ್ಮಾನ ಮಾಡಿಕೊಳ್ಳಿ ಅಂದ.

ಆಗ ಪುಟ್ಟಯ್ಯ ಎದ್ದರು. ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಮೆಟ್ಟಿಲು ಹತ್ತಿ ಬಂದು ಮಹಾನಂದನ ಪಕ್ಕ ಮಂಡಿಯೂರಿದರು. ಶಾಲು ಮಡಚಿ ಹೆಗಲ ಮೇಲೆ ಹಾಕಿಕೊಂಡರು, ಭಾರ ಹೊರುವವರು ಹಾಕಿಕೊಳ್ಳುವ ಹಾಗೆ.

“ಬಾ ಮಗಾ. ನಾನು ಹೊರ್ತೀನಿ. ಆಗ್ಲೂ ನಾನೇ ಹೊತ್ತಿದ್ದು.”

ಮಹಾನಂದನ ಕತ್ತಿನ ಕೆಳಗೆ ಕೈ ತೂರಿಸಿದರು. ಅದು ಬೆಚ್ಚಗಿತ್ತು. ಒಂದು ಕ್ಷಣ ಅವನಿಗೆ ಆ ಕೈ ಸಾಕು ಅನ್ನಿಸಿತು. ಏಳೋಣ ಅನ್ನಿಸಿತು. ಕಣ್ಣು ತೆರೆದ.

“ನೀವು ಬ್ಯಾಡ ಅಜ್ಜ. ಕೊಂದೋರೇ ಹೊತ್ರೆ ಅದು ಡ್ಯೂಟಿ. ಅವತ್ತು ಟೋಪಿ ತೆಗ್ದು ನಿಂತಿದ್ರಲ್ಲ, ಅವರು ಹೊರಲಿ.”

ಪುಟ್ಟಯ್ಯ ಕೈ ಹಿಂದಕ್ಕೆ ತೆಗೆದುಕೊಂಡರು. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗೈ ನೋಡುತ್ತಾ ಅಲ್ಲೇ ಕೂತರು.

ಹಿಂದಿನಿಂದ ಸಿದ್ದಮ್ಮ ಬರುತ್ತಿದ್ದಳು. ಮಲ್ಲಿಗೆ ಸಾಲುಗಳ ನಡುವೆ, ಹೊಸ ರವಿಕೆಯಲ್ಲಿ, ನಿಧಾನವಾಗಿ. ಹಿಂದೆ ಕಾಲೋನಿಯ ಗಂಡಸರು. ಅವರು ರಂಗದ ಹತ್ತಿರ ಬಂದು ಅಂಗಿಯ ತೋಳು ಮಡಚಿದಾಗ ವರದರಾಜರಿಗೆ ಹೋದ ಜೀವ ಬಂದಂತಾಯಿತು.

“ಬನ್ನಿ, ಬನ್ನಿ. ನಿಮ್ಮ ಜನ ನೀವು, ಎತ್ಕೊಂಡು ಹೋಗಿ.”

ಸಿದ್ದಮ್ಮ ಕೈಯಡ್ಡ ಮಾಡಿ ಅವರನ್ನು ತಡೆದಳು. ಒಬ್ಬಳೇ ಮೆಟ್ಟಿಲು ಹತ್ತಿದಳು. ಮೊಮ್ಮಗನ ತಲೆಯ ಪಕ್ಕ ಕೂತು ಸಂಚಿ ಬಿಚ್ಚಿದಳು.

“ನಾವು ಹೊರಾಕಿಲ್ಲ ಸ್ವಾಮಿ. ನಾವು ನೋಡಾಕೆ ಬಂದಿರೋದು.”

ಎಲೆಗೆ ಸುಣ್ಣ ಹಚ್ಚತೊಡಗಿದಳು. ಮುಂದಿನ ಸಾಲಿನವರು ಹೊರಡಬೇಕೋ ಕೂರಬೇಕೋ ತಿಳಿಯದೆ ಕುರ್ಚಿಗಳ ಮುಂದೆ ನಿಂತಿದ್ದರು.

ರಾಘವ ಸುತ್ತ ನೋಡಿದ. ಎರಡು ಹೆಜ್ಜೆ ಮುಂದೆ ಬಂದ. ಮಹಾನಂದನ ಕಾಲ ಹತ್ತಿರ ನಿಂತ. ಬಗ್ಗಿದ. ಅವನ ಕೈಗಳು ಮಹಾನಂದನ ಹಿಮ್ಮಡಿಯ ತನಕ ಬಂದವು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಅವನ ತಾಯಿ, “ರಾಘೂ,” ಅಂದರು. ಅಷ್ಟೇ ಅಂದರು. ಬಗ್ಗಿದವನು ಬಗ್ಗಿದಂತೆಯೇ ನಿಂತ. ಕೆಳಗೆ ಹೋಗಲಿಲ್ಲ, ಮೇಲೆ ಬರಲಿಲ್ಲ. ಬೆವರಿನ ಜೊತೆ ಬಣ್ಣ ಇಳಿದು ಅವನ ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು.

ಸಿದ್ದಮ್ಮ ಅವನನ್ನು ನೋಡಿದಳು. ಎಲೆ ಬಾಯಿಗಿಟ್ಟುಕೊಂಡಳು.

“ಬಗ್ಗಿದ್ದೀಯಲ್ಲಪ್ಪ, ಅರ್ಧ ಆಯ್ತು,” ಅಂದಳು. “ಇನ್ನರ್ಧ ನಿಧಾನಕ್ಕೆ ಮಾಡು. ನನ್ನ ಮೊಮ್ಮಗ ಉಸಿರು ಹಿಡಿಯೋದ್ರಲ್ಲಿ ಗಟ್ಟಿಗ.”

ಮಹಾನಂದ ಕಣ್ಣು ಮುಚ್ಚಿದ. ಗುಂಡಿಯ ಬಾಯಲ್ಲಿ ನಿಂತು ಎಳೆದುಕೊಳ್ಳುತ್ತಿದ್ದ ಹಾಗೆ, ಎದೆ ತುಂಬ, ಹೊಟ್ಟೆ ತುಂಬ, ಮಲ್ಲಿಗೆಯ ವಾಸನೆಯ ಸಮೇತ ಗಾಳಿ ಎಳೆದುಕೊಂಡ. ಮತ್ತೆ ಸತ್ತ.